ಐದು ಆಸ್ಪತ್ರೆಗಳ ಒಬ್ಬ ರೋಗಿ

ಜನವರಿ ೬, ಸೋಮವಾರ

ಗುಡುಗೆಲ್ಲಿ? ಮಿಂಚೆಲ್ಲಿ? ನಮ್ಮ ಕಂಪನಿಯ ನಾಟಕವಾಗಿದ್ದರೆ ಇಂಥ ಕಾಗದವೊಂದು ಮನೆಯೊಳಗೆ ಕಾಲಿಡುವಾಗ ಪರದೆಯ ಹಿಂದೆ ಒಬ್ಬ ತಗಡು ಬಡಿಯುತ್ತಿದ್ದ, ಇನ್ನೊಬ್ಬ ದೀಪ ಇಳಿಸುತ್ತಿದ್ದ. ಇಲ್ಲಿ ಅಂಚೆಯವನು ಗೇಟಿನ ಚಿಲಕ ಅಲ್ಲಾಡಿಸಿ "ಇಲ್ಲೊಂದು ಸಹಿ ಹಾಕ್ರಮ್ಮ" ಎಂದ. ತಂಗಿ ಒದ್ದೆ ಕೈ ಒರೆಸಿಕೊಂಡು ಸಹಿ ಹಾಕಿದಳು. ಆಕಾಶ ಕಳಚಿ ಬಿತ್ತು, ಸದ್ದೇ ಆಗಲಿಲ್ಲ.

ಕಾಗದವನ್ನು ನಾನೇ ಓದಿದೆ. ಈ ಮನೆಯಲ್ಲಿ ಗಟ್ಟಿಯಾಗಿ ಓದುವ ಕೆಲಸ ಯಾವಾಗಲೂ ನನ್ನದೇ. "ಕಳೆದ ವರ್ಷದ ಸಾಂಕ್ರಾಮಿಕದ ಅವಧಿಯಲ್ಲಿ, ಆಸ್ಪತ್ರೆಯಲ್ಲಿ ಲಭ್ಯವಿದ್ದ ಹತ್ತು ಉಸಿರಾಟದ ಯಂತ್ರಗಳ ಪೈಕಿ ಎಂಟನ್ನು ಬಳಕೆಗೆ ತರದೆ, ಒಂದೇ ದಿನ ಏಳು ರೋಗಿಗಳ ಸಾವಿಗೆ ಕಾರಣರಾಗಿರುವ ವಾರ್ಡಿನ ಮುಖ್ಯ ದಾದಿಯಾದ ತಮ್ಮನ್ನು..." ಅಮಾನತು ಎಂಬ ಪದಕ್ಕೆ ಬಂದಾಗ ನನ್ನ ಗಂಟಲು, ಮೂರು ಸಾವಿರ ಜನರ ಡೇರೆಯಲ್ಲಿ ಮೈಕಿಲ್ಲದೆ ಕೊನೆಯ ಸಾಲನ್ನು ಮುಟ್ಟುತ್ತಿದ್ದ ಗಂಟಲು, ಅದನ್ನು ಪಿಸುದನಿಯಲ್ಲಿ ಹೇಳಿತು.

"ಯಾವ ಹತ್ತು?" ಎಂದಳು ತಂಗಿ. "ಇದ್ದಿದ್ದು ಎರಡು. ಅದ್ರಲ್ಲೂ ಒಂದರ ಪ್ಲಗ್ ನಿಲ್ತಿರ್ಲಿಲ್ಲ, ನಾನೇ ಕೈಯಲ್ಲಿ ಒತ್ತಿ ಹಿಡ್ಕೊಂಡು ನಿಂತಿದ್ದೆ. ಇನ್ನೆಂಟು ಎಲ್ಲಿದ್ವಂತೆ? ನನ್ನ ಜೇಬಲ್ಲಾ?"

ಅವಳ ಗಂಡ ದರ್ಜಿ. ಮಿಷನ್ನಿನಿಂದ ತಲೆ ಎತ್ತದೆ ಹೇಳಿದ, "ಹೋದ್ರೆ ಹೋಗ್ಲಿ ಬಿಡೆ. ಗುಂಡಿ ಹೊಲಿಯೋಕೆ ನಂಗೂ ಒಬ್ಬರು ಬೇಕಾಗಿದ್ರು."

"ಕೆಲಸದ್ದಲ್ಲ ರೀ. ಆ ಏಳು ಮನೆಯವ್ರು ಇದನ್ನ ಪೇಪರಲ್ಲಿ ಓದ್ತಾರೆ. ಯಂತ್ರ ಇಟ್ಕೊಂಡೂ ಕೊಡ್ಲಿಲ್ಲ ಇವ್ಳು ಅಂದ್ಕೋತಾರೆ. ಅವ್ರ ಕಣ್ಣಲ್ಲಿ ನಾನು ಏನಾಗ್ತೀನಿ?"

ಆಗ ನಾನು ಎದ್ದು ನಿಂತೆ. ನಿಂತ ರಭಸಕ್ಕೆ ಕುರ್ಚಿ ಬಿತ್ತು. ಸಾಂಕ್ರಾಮಿಕ ಎದುರಿಸಲು ಸರ್ಕಾರ ಎಷ್ಟು ಸಿದ್ಧವಾಗಿತ್ತು, ಬಂದಾಗ ಹೇಗೆ ನಡೆದುಕೊಂಡಿತು ಎಂದು ತೂಗಿ ನೋಡಲು ಒಂದು ಮೌಲ್ಯಮಾಪನ ಸಮಿತಿ ನೇಮಕವಾಗಿದೆ. ಮುಂದಿನ ತಿಂಗಳು ನಮ್ಮೂರಿನಲ್ಲೇ ವಿಚಾರಣೆ. "ತಂಗೀ," ಎಂದೆ, "ಆ ಸಭೆಯಲ್ಲಿ ನಿನ್ನ ಅಣ್ಣ ಮಾತಾಡುತ್ತಾನೆ! ಗೋಡೆಗಳು ಕೇಳುತ್ತವೆ! ಯಾಕೆಂದರೆ ಆ ಎಂಟು ಯಂತ್ರಗಳನ್ನು ಈ ಎರಡು ಕಣ್ಣುಗಳು ಕಂಡಿವೆ!"

"ಮೆಲ್ಲಗೆ ಭಾವ," ಎಂದ ದರ್ಜಿ. "ಸೂಜಿಗೆ ದಾರ ಪೋಣಿಸ್ತಿದೀನಿ."

ಜನವರಿ ೯, ಗುರುವಾರ

ಸಮಿತಿಯ ಮುಂದೆ ಸಾಲು ತಪ್ಪಬಾರದು. ಆದ್ದರಿಂದ ಇಲ್ಲಿ ಕ್ರಮವಾಗಿ ಬರೆದಿಡುತ್ತೇನೆ.

ರೋಗ ಬರುವುದಕ್ಕೆ ಒಂದು ವರ್ಷ ಮೊದಲಿನ ಮಾತು. ನಾನು ಈಗಿನಂತೆ ಆಗಲೂ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಬಸ್ಸುಗಳನ್ನು ಘೋಷಿಸುತ್ತಿದ್ದೆ. ನಾನು ಕೂಗಿದ ಬಸ್ಸು ಹತ್ತಲು ಜನ ಓಡುತ್ತಾರೆ, ಅದು ತಮ್ಮೂರಿನ ಬಸ್ಸಲ್ಲದಿದ್ದರೂ. ಅಂಥ ಒಂದು ಮಧ್ಯಾಹ್ನ ಗಾಜಿನಾಚೆ ನಿಂತು ನಕ್ಕವನು ಪ್ರಾಂಪ್ಟರ್.

ನಮ್ಮ ಕಂಪನಿಯಲ್ಲಿ ಹನ್ನೊಂದು ವರ್ಷ ಅವನು ಪರದೆಯ ಮಗ್ಗುಲಲ್ಲಿ ಪುಸ್ತಕ ಹಿಡಿದು ನಿಂತಿದ್ದವನು. ರಂಗದ ಮೇಲೆ ಮಾತು ಮರೆತಾಗ ಪಿಸುದನಿಯಲ್ಲಿ ಎತ್ತಿಕೊಡುತ್ತಿದ್ದ. ನಟನ ಕಿವಿ ಮತ್ತು ಅವನ ಬಾಯಿಯ ನಡುವೆ ಇರುವ ನಂಟು ಗಂಡಹೆಂಡಿರ ನಡುವೆಯೂ ಇರಲಾರದು. ಅವನು ಕೊಟ್ಟದ್ದನ್ನು ನಾನು ತೂಗಲಿಲ್ಲ, ಅಳೆಯಲಿಲ್ಲ. ಕಿವಿಗೆ ಬಿದ್ದದ್ದು ನೇರ ನಾಲಿಗೆಗೆ! ಒಮ್ಮೆಯೂ ಅವನು ತಪ್ಪು ಸಾಲು ಕೊಟ್ಟವನಲ್ಲ. ಕಂಪನಿ ಮುಚ್ಚುವ ಮೊದಲೇ ಪರೀಕ್ಷೆ ಕಟ್ಟಿ ಗುಮಾಸ್ತನಾದ. ಮೆಟ್ಟಿಲು ಹತ್ತುತ್ತ ಹತ್ತುತ್ತ ಆರೋಗ್ಯ ಇಲಾಖೆಯ ಸಿದ್ಧತಾ ಅಧಿಕಾರಿಯಾದ.

"ಒಂದು ಪಾತ್ರ ಇದೆ ಕಣೋ, ಗಂಟಲು," ಎಂದ. ಗಂಟಲು ಎಂದರೆ ನಾನು. "ಮಾಕ್ ಡ್ರಿಲ್. ದೊಡ್ಡ ರೋಗ ಬಂದ್ರೆ ಆಸ್ಪತ್ರೆಗಳು ಹೇಗೆ ಎದುರಿಸ್ತಾವೆ ಅಂತ ಪರೀಕ್ಷೆ. ಐದು ಊರು, ಐದು ದಿನ. ರೋಗಿ ನೀನು."

ಆಹಾ, ಆ ಐದು ದಿನ! ನಾನು ಕೆಮ್ಮಿದ್ದು ಕೆಮ್ಮಲ್ಲ, ಏಕಪಾತ್ರಾಭಿನಯ. ಆಂಬುಲೆನ್ಸಿನಿಂದ ಇಳಿಸುವಾಗ ಒಂದು ಕೈ ಜೋತುಬಿದ್ದಿರುತ್ತಿತ್ತು, ಬೆರಳುಗಳು ಗಾಳಿಯನ್ನು ಹುಡುಕುತ್ತಿದ್ದವು. ಎರಡನೇ ಊರಿನಲ್ಲಿ ವೀಕ್ಷಕರೊಬ್ಬರು ಅಂಕ ಬರೆಯುವುದನ್ನು ಬಿಟ್ಟು ಕಣ್ಣೊರೆಸಿಕೊಂಡರು. ಬಾಗಿಲಿನಿಂದ ಹಾಸಿಗೆಗೆ ನಾಲ್ಕು ನಿಮಿಷ. ಹಾಸಿಗೆಯ ಸುತ್ತ ಸಾಲಾಗಿ ಹತ್ತು ಯಂತ್ರಗಳು. ಒಟ್ಟು ನೂರಕ್ಕೆ ತೊಂಬತ್ನಾಲ್ಕು ಅಂಕ.

ಹತ್ತರಲ್ಲಿ ಎಂಟು ಪ್ರತಿ ಊರಿಗೂ ನಮ್ಮ ಜೊತೆಯಲ್ಲೇ ಲಾರಿಯಲ್ಲಿ ಬರುತ್ತಿದ್ದವು. ಸಂಜೆ ಕಳಚಿ, ಹೇರಿ, ಮುಂದಿನ ಊರು. ನನಗೇನೂ ಅನಿಸಲಿಲ್ಲ. ಕಂಪನಿಯಲ್ಲಿ ಇದ್ದದ್ದೇ ಒಂದು ಸಿಂಹಾಸನ. ಕೆಂಪು ಬಟ್ಟೆ ಹೊದಿಸಿದರೆ ನಮ್ಮ ರಾಜ್ಯ, ಹಸಿರು ಹೊದಿಸಿದರೆ ಶತ್ರುರಾಜ್ಯ. ಮೂರನೇ ದಿನ ತಂಗಿಯ ಆಸ್ಪತ್ರೆ. ಅವಳಿಗೆ ಅವತ್ತು ರಜೆ. ಒಮ್ಮೆ ಕೇಳಿದ್ದೆ, "ಇದೇನೋ, ಊರಿಂದೂರಿಗೆ ಇವನ್ನೇ ಹೊರ್ತೀರಾ?" "ರಿಹರ್ಸಲ್ ಕಣೋ ಇದು," ಎಂದಿದ್ದ ಪ್ರಾಂಪ್ಟರ್. "ನಾಟಕದ ಹೊತ್ತಿಗೆ ಸಾಮಾನು ಬಂದೇ ಬರತ್ತೆ." ಸರಿಯಾದ ಮಾತು. ತಾಲೀಮಿನಲ್ಲಿ ಯಾರು ನಿಜವಾದ ಕತ್ತಿ ಹಿಡಿಯುತ್ತಾರೆ?

ಪ್ರತಿದಿನ ಕೊನೆಯಲ್ಲಿ ಏನೋ ಒಂದು ನಮೂನೆಗೆ ಸಹಿ ಹಾಕಿದ ನೆನಪು. ಇರಲಿ.

ಜನವರಿ ೧೪, ಮಂಗಳವಾರ

ಪ್ರಾಂಪ್ಟರನ ಕಚೇರಿಗೆ ಹೋಗಿದ್ದೆ. ಮೂರನೇ ಮಹಡಿ. ಕಿಟಕಿಯ ಅರ್ಧಕ್ಕೆ ಕಡತಗಳು, ಇನ್ನರ್ಧಕ್ಕೆ ಪಾರಿವಾಳಗಳು.

"ಬಾರೋ. ಬಾಗಿಲು ಹಾಕು. ನಿನ್ನ ಗುಟ್ಟಿನ ಮಾತು ಕೆಳಗೆ ಸೈಕಲ್ ಸ್ಟ್ಯಾಂಡಿಗೂ ಕೇಳತ್ತೆ."

"ನನ್ನ ತಂಗಿಗೆ ನೋಟಿಸ್ ಬಂದಿದೆ."

"ನೋಡ್ದೆ." ಅವನ ದನಿ ಈಗಲೂ ಅದೇ ಅರ್ಧದನಿ. ಎದುರಿಗಿರುವವನಿಗೆ ಮಾತ್ರ, ಆಚೆ ಒಂದು ಅಕ್ಷರವಿಲ್ಲ.

"ಆ ಎಂಟೂ ಲಾರೀಲಿ ಬಂದು ಲಾರೀಲೇ ಹೋದ್ವು. ನೀನೂ ನೋಡಿದೀಯ, ನಾನೂ ನೋಡಿದೀನಿ."

"ಲಾರಿ ಓಡಾಟದ ಪುಸ್ತಕ ಇದೆ, ತಾರೀಕು ಸಮೇತ. ಅದನ್ನ ನಾನೇ ಸಮಿತಿ ಮುಂದೆ ಇಡ್ತೀನಿ, ಎರಡನೇ ದಿನ. ನಿನ್ನದು ಮೊದಲ್ನೇ ದಿನ. ಕೂಗಾಡ್ಬೇಡ. ನೀನು ಲಾರಿ ಅಂದ್ರೆ ನಟ ಕಥೆ ಕಟ್ತಿದಾನೆ ಅಂತ ನಗ್ತಾರೆ. ನೀನು ಮಲಗಿದ್ದೆ, ಕಣ್ಣು ಮುಚ್ಚಿತ್ತು, ಅಷ್ಟು ಹೇಳು. ಮಿಕ್ಕಿದ್ದು ಪುಸ್ತಕ ಹೇಳ್ಲಿ."

"ನನ್ನ ತಂಗಿ ಹೆಸರು?"

"ತೊಳೆದ ತಟ್ಟೆ ಹಾಗೆ ಹೊರಗೆ ಬರತ್ತೆ. ನಾನು ಯಾವತ್ತಾದ್ರೂ ನಿಂಗೆ ಕೈ ಕೊಟ್ಟಿದೀನಾ?"

ಇಲ್ಲ! ಒಂದೇ ಒಂದು ಸಲವೂ ಇಲ್ಲ! ಮೆಟ್ಟಿಲಿಳಿಯುತ್ತ ನನ್ನ ಹಳೆಯ ಸೇನಾಪತಿಯ ಪಾತ್ರದ ವಿಜಯದ ಮಾತುಗಳನ್ನು ಹೇಳಿಕೊಂಡು ಬಂದೆ. ಕಾವಲುಗಾರ ಸೆಲ್ಯೂಟ್ ಹೊಡೆದ.

ಜನವರಿ ೨೦, ಸೋಮವಾರ

ಕನ್ನಡಿಯ ಮುಂದೆ ತಾಲೀಮು. ಸಮಿತಿಯ ಅಧ್ಯಕ್ಷೆ ನಿವೃತ್ತ ನ್ಯಾಯಾಧೀಶೆಯಂತೆ. "ತಾಯೀ!" ಎಂದು ಶುರುಮಾಡಬೇಕೋ, "ನ್ಯಾಯದೇವತೆಯೇ!" ಎಂದೋ ತೀರ್ಮಾನವಾಗಿಲ್ಲ. ದರ್ಜಿ ನನಗಾಗಿ ಕಪ್ಪು ಕೋಟು ಹೊಲಿಯುತ್ತಿದ್ದಾನೆ. ಅಳತೆ ತೆಗೆಯುವಾಗ ಕೇಳಿದ, "ಭಾವ, ಉಸಿರು ಬಿಟ್ಟು ಅಳೀಲಾ, ಎಳ್ಕೊಂಡು ಅಳೀಲಾ? ನೀವು ಮಾತು ಶುರು ಮಾಡಿದ್ರೆ ಎದೆ ನಾಲ್ಕು ಇಂಚು ಹೆಚ್ಚಾಗತ್ತೆ."

ತಂಗಿ ನಗಲಿಲ್ಲ. ಪ್ರಾಂಪ್ಟರ್ ಹೇಳಿದ್ದನ್ನೆಲ್ಲ ಅವಳಿಗೆ ಒಪ್ಪಿಸಿದ್ದೆ. "ಬೇರೆಯವ್ರ ಪುಸ್ತಕ ನಂಬ್ಕೊಂಡು ಕೂರೋದು ಬೇಡ ಅಣ್ಣ. ಲಾರಿ ನೀನು ನೋಡಿದೀಯ, ನೀನೇ ಹೇಳು. ಕೋಟು ಬೇಡ, ನಾಟಕ ಬೇಡ. ಕಂಡಿದ್ದು ಹೇಳಿ ಎದ್ದು ಬಾ."

"ಆಗಲಿ! ಮಾತು ಕೊಟ್ಟೆ!" ಎಂದು ಎದೆ ತಟ್ಟಿಕೊಂಡೆ.

ಮಾತಿನ ಮಧ್ಯೆ ಅವಳು ಇನ್ನೊಂದು ಹೇಳಿದಳು. ಮಾರುಕಟ್ಟೆಯಲ್ಲಿ ಯಾರೋ ಅವಳನ್ನು ನೋಡಿ ರಸ್ತೆಯ ಆ ಬದಿಗೆ ದಾಟಿದರಂತೆ. ಏಳರಲ್ಲಿ ಒಂದು ಮನೆಯವರು. ಸೊಪ್ಪಿನ ಬೆಲೆ ಹೇಳಿದಂತೆ ಹೇಳಿ ಒಳಗೆ ಹೋದಳು.

ಫೆಬ್ರವರಿ ೩, ಸೋಮವಾರ

ಇಂದು ಬರೆಯಲಾರೆ.

ಫೆಬ್ರವರಿ ೫, ಬುಧವಾರ

ಬರೆಯುತ್ತೇನೆ. ಬರೆಯದಿದ್ದರೆ ಅದು ನನ್ನೊಳಗೇ ದಿನಕ್ಕೊಂದು ಪ್ರದರ್ಶನ ಕೊಡುತ್ತದೆ.

ಮೊನ್ನೆ ಸಮಿತಿಯ ಸಭಾಂಗಣದಲ್ಲಿ ಉದ್ದನೆಯ ಮೇಜು, ಮುಚ್ಚಳ ಹಾಕಿದ ನೀರಿನ ಲೋಟಗಳು, ಟೈಪು ಮಾಡುವ ಒಬ್ಬ ಗುಮಾಸ್ತೆ. ಅಧ್ಯಕ್ಷೆ ಸಣ್ಣ ದೇಹದ ಹೆಂಗಸು. ಕನ್ನಡಕದ ಮೇಲಿನಿಂದ ನೋಡುತ್ತಾರೆ. ನನ್ನ ಕುರ್ಚಿಯ ಬಲಕ್ಕೆ, ಎರಡು ಮೊಳ ಹಿಂದೆ, ಇಲಾಖೆಯವರ ಸಾಲು. ಅದರ ಮೊದಲ ಕುರ್ಚಿಯಲ್ಲಿ ಪ್ರಾಂಪ್ಟರ್. ಹನ್ನೊಂದು ವರ್ಷ ಅವನು ನಿಲ್ಲುತ್ತಿದ್ದದ್ದೂ ಅಲ್ಲೇ, ಬಲಕ್ಕೆ, ಎರಡು ಮೊಳ ಹಿಂದೆ. ನನಗೆ ಧೈರ್ಯ ಬಂತು. ಕೊನೆಯ ಸಾಲಿನಲ್ಲಿ ತಂಗಿ.

ವೃತ್ತಿ ಕೇಳಿದರು. ಹೇಳಿದೆ. ಡ್ರಿಲ್ಲಿನ ಬಗ್ಗೆ ಕೇಳಿದರು. ಹೇಳಿದೆ. ಲಾರಿಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆಗ ಅಧ್ಯಕ್ಷೆ ಐದು ಹಾಳೆಗಳನ್ನು ನನ್ನತ್ತ ತಿರುಗಿಸಿದರು.

"ರೋಗಿಯ ಅಭಿಪ್ರಾಯ ಅನ್ನೋ ನಮೂನೆ. ಇಲ್ಲಿರೋ ಸಹಿ ನಿಮ್ಮದೇ ತಾನೆ?"

ನನ್ನದೇ. ಬಾಲ ಎಳೆದು ಕೆಳಗೆರಡು ಗೆರೆ ಹಾಕಿದ ಸಹಿ, ಅಭಿಮಾನಿಗಳ ಪುಸ್ತಕದಲ್ಲಿ ಹಾಕುತ್ತಿದ್ದಂಥದ್ದು. ಅದರ ಮೇಲೆ ಅಚ್ಚಿನಲ್ಲಿತ್ತು: "ಹತ್ತೂ ಯಂತ್ರಗಳು ಈ ಆಸ್ಪತ್ರೆಗೆ ಸೇರಿದ್ದು, ಸುಸ್ಥಿತಿಯಲ್ಲಿರುವುದನ್ನು ಕಣ್ಣಾರೆ ಕಂಡಿರುತ್ತೇನೆ." ಐದು ಸಲ. ಮೂರನೆಯದರ ಮೇಲೆ ತಂಗಿಯ ಆಸ್ಪತ್ರೆಯ ಮುದ್ರೆ. ಅವಳ ಮೇಲಿನ ಆರೋಪ ನಿಂತಿದ್ದದ್ದು ಈ ಹಾಳೆಯ ಮೇಲೆ.

"ಹಾಗಾದ್ರೆ ನೀವು ಕಂಡಿದ್ದೇನು? ಹೇಳಿ."

ಖಾಲಿ. ತಲೆಯೊಳಗೆ ಡೇರೆ ಕಿತ್ತ ಮೈದಾನ. ಆ ಹನ್ನೊಂದು ವರ್ಷದಲ್ಲಿ ಹೀಗೆ ಆಗಿರಲಿಲ್ಲ ಎನ್ನಲಾರೆ, ಆಗಿತ್ತು, ಪ್ರತಿ ಸಲವೂ ಒಬ್ಬ ಇದ್ದ. ಮೊನ್ನೆಯೂ ಇದ್ದ. ಬಲಗಿವಿಯಲ್ಲಿ, ಅದೇ ಅರ್ಧದನಿ: "ಎಲ್ಲವೂ ಸಿದ್ಧವಾಗಿತ್ತು. ಯಾವ ಕೊರತೆಯೂ ಕಾಣಲಿಲ್ಲ."

ನಾಲಿಗೆ ಎತ್ತಿಕೊಂಡಿತು. ನಾನಲ್ಲ, ನಾಲಿಗೆ! "ಎಲ್ಲವೂ ಸಿದ್ಧವಾಗಿತ್ತು! ಯಾವ ಕೊರತೆಯೂ ಕಾಣಲಿಲ್ಲ!" ಎಂಥ ಸ್ವರ, ಎಂಥ ಬಿಡುವು! ಹಿಂದಿನ ಗೋಡೆಗೆ ಬಡಿದು ವಾಪಸು ಬಂತು. ಗುಮಾಸ್ತೆ ಟೈಪು ಮಾಡಿದಳು. "ಧನ್ಯವಾದ, ಬಹಳ ಸ್ಪಷ್ಟವಾಗಿ ಹೇಳಿದಿರಿ," ಎಂದರು ಅಧ್ಯಕ್ಷೆ.

ಏನು ಹೇಳಿದೆನೆಂದು ನನಗೆ ಗೊತ್ತಾಗುವಷ್ಟರಲ್ಲಿ ಮುಂದಿನ ಸಾಕ್ಷಿ ನನ್ನ ಕುರ್ಚಿಯಲ್ಲಿ ಕೂತಿದ್ದ.

ದ್ರೋಹ! ಬಲಗಡೆಯಿಂದ ಬಂದ ದ್ರೋಹ!

ಫೆಬ್ರವರಿ ೬, ಗುರುವಾರ

ತಂಗಿ ಮೂರು ದಿನದ ಮೇಲೆ ಇವತ್ತು ಮಾತಾಡಿದಳು.

"ಐದು ಸಹಿ."

"ಓದದೆ ಹಾಕಿದ್ದು ಕಣೆ. ಅಲ್ಲಿ ಗಡಿಬಿಡಿ, ಲಾರಿ ಹೊರಡೋ ಹೊತ್ತು..."

"ನಾನು ಒಂದು ಮಾತ್ರೆ ಕೊಡೋಕೆ ಮುಂಚೆ ಮೂರು ಸಲ ಚೀಟಿ ಓದ್ತೀನಿ."

"ಅವನು ನನ್ನ ಬಾಯಿಗೆ ಹಾಕಿದ. ಹನ್ನೊಂದು ವರ್ಷದ ನಂಬಿಕೆ..."

"ನನ್ನ ಮೇಲೆ ನಿಂಗಿರೋದು ಎಷ್ಟು ವರ್ಷದ್ದು?"

ದರ್ಜಿ ಮಿಷನ್ ತುಳಿಯುವುದನ್ನು ನಿಲ್ಲಿಸಿ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದ. ನಿನ್ನೆಯಷ್ಟೇ ಬಿಟ್ಟಿದ್ದ.

ಫೆಬ್ರವರಿ ೧೨, ಬುಧವಾರ

ಮತ್ತೆ ಮೂರನೇ ಮಹಡಿ. ಈ ಸಲ ಬಾಗಿಲು ಹಾಕೆಂದು ಅವನು ಹೇಳಲಿಲ್ಲ.

"ಎರಡನೇ ದಿನ ಸಮಿತಿ ಮುಂದೆ ಹೋದ್ಯಾ?"

"ಹೋದೆ."

"ಪುಸ್ತಕ ಇಟ್ಯಾ?"

"ಯಾವ ಪುಸ್ತಕ?"

ನಾನು ಗರ್ಜಿಸಿದೆ. ಏನೇನೋ ಅಂದೆ. ಪಾರಿವಾಳಗಳು ಹಾರಿದವು. ಅವನು ನಾನು ಮುಗಿಸುವವರೆಗೆ ಕಾದ, ಯಾವಾಗಲೂ ಕಾಯುತ್ತಿದ್ದಂತೆ.

"ಆಯ್ತಾ? ಕೂತ್ಕೋ. ಪುಸ್ತಕ ಹೊರಗೆ ಬಂದ್ರೆ ನಿನ್ನ ತಂಗಿ ಒಬ್ಳು ಉಳೀತಾಳೆ, ಇಲಾಖೆ ಮುಳುಗತ್ತೆ. ಆ ತೊಂಬತ್ನಾಲ್ಕು ಅಂಕ ನೋಡಿ ಮೇಲಿನವ್ರು ಏನ್ ಮಾಡಿದ್ರು ಗೊತ್ತಾ? ಹೊಸ ಯಂತ್ರದ ಆರ್ಡರ್ ರದ್ದು ಮಾಡಿದ್ರು. ಒಂದೊಂದ್ ಆಸ್ಪತ್ರೇಲೂ ಹತ್ತತ್ತು ಇವೆ ಅಂತ ಕಾಗದ ಹೇಳ್ತಿರುವಾಗ ಇನ್ನೂ ಯಾಕೆ ಅಂತ."

ನನಗೆ ಇದು ಗೊತ್ತಿರಲಿಲ್ಲ.

"ನಾಟಕದ ಹೊತ್ತಿಗೆ ಸಾಮಾನು ಬರತ್ತೆ ಅಂದಿದ್ದೆ."

"ನಂಬಿದ್ದೆ ನಾನೂ. ಆಮೇಲೆ ಬರಲ್ಲ ಅಂತ ಗೊತ್ತಾದಾಗ ಯಾರಿಗೆ ಹೇಳ್ಲಿ? ಅಂಕ ಪಟ್ಟಿ ಕೆಳಗೆ ನನ್ನ ಸಹೀನೂ ಇದೆ."

"ಆ ಎಂಟು ಈಗೆಲ್ಲಿವೆ?"

"ತರಬೇತಿ ಕೇಂದ್ರದಲ್ಲಿ. ಅಲ್ಲಿಂದಲೇ ತಂದಿದ್ದು, ಅಲ್ಲಿಗೇ ಹೋದ್ವು. ಪಾಠಕ್ಕೆ ಬೇಕಲ್ಲ."

"ರೋಗ ಬಂದಾಗ್ಲೂ?"

ಅವನು ಪೇಪರ್‌ವೆಯ್ಟ್ ತಿರುಗಿಸಿದ.

"ಅವತ್ತು ನನ್ನ ಕಿವೀಲಿ ಯಾಕೆ ಹೇಳ್ದೆ?"

"ನೀನು ನಿಂತುಬಿಟ್ಟಿದ್ದೆ. ನಿಂತಾಗ ಎತ್ತಿಕೊಡೋದು ನನ್ನ ಅಭ್ಯಾಸ," ಎಂದ. ಆಮೇಲೆ ಮೊದಲ ಬಾರಿಗೆ ನನ್ನ ಮುಖ ನೋಡಿದ. "ನಾನು ಎತ್ತಿಕೊಟ್ಟೆ ಅಷ್ಟೇ. ಹೇಳಿದ್ದು ನೀನು."

ಬಸ್ ನಿಲ್ದಾಣಕ್ಕೆ ತಡವಾಗಿ ಹೋದೆ. ಎರಡು ಬಸ್ಸು ಘೋಷಣೆಯಿಲ್ಲದೆ ಹೊರಟಿದ್ದವು. ಜನ ಸರಿಯಾಗಿಯೇ ಹತ್ತಿಕೊಂಡಿದ್ದರು.

ಫೆಬ್ರವರಿ ೨೦, ಗುರುವಾರ

ಈ ದಿನಚರಿಗೂ ಹೇಳದೆ ಬಿಟ್ಟಿದ್ದು ಒಂದಿದೆ.

ಯಂತ್ರಗಳ ಮೇಲೆ ಆಯಾ ಆಸ್ಪತ್ರೆಯ ಹೆಸರಿನ ಚೀಟಿ ಅಂಟಿಸುತ್ತಿದ್ದರು. ಮೊದಲ ಸಂಜೆ ಕೀಳುವಾಗ ಚೀಟಿಗಳು ಹರಿದು, ಯಂತ್ರದ ಮೈಮೇಲೆ ಬಿಳಿ ಕಲೆ ಉಳಿಯಿತು. ಇಲಾಖೆಯ ಇಬ್ಬರು ಉಗುರಿನಿಂದ ಕೆರೆಯುತ್ತ ಕೂತಿದ್ದರು. ನಾನು ನಕ್ಕು, "ಅಯ್ಯೋ ಪೆದ್ದುಗಳಾ, ಗಡ್ಡದ ಅಂಟು ಹಚ್ರೋ," ಎಂದೆ. ನಟರು ಸುಳ್ಳು ಗಡ್ಡ ಅಂಟಿಸುವ ಅಂಟು. ಹಿಡಿಯುತ್ತದೆ, ಎಳೆದರೆ ಗುರುತಿಲ್ಲದೆ ಬರುತ್ತದೆ. ನನ್ನ ಚೀಲದಲ್ಲಿ ಸೀಸೆ ಇತ್ತು. ಎರಡನೇ ದಿನದಿಂದ ಅಂಟಿಸಿದ್ದೂ ನಾನೇ, ಕಿತ್ತದ್ದೂ ನಾನೇ. ಮೂರನೇ ದಿನ ತಂಗಿಯ ಆಸ್ಪತ್ರೆಯ ಹೆಸರನ್ನು ಎಂಟು ಯಂತ್ರಗಳ ಮೇಲೆ ಈ ಹೆಬ್ಬೆರಳಿನಿಂದ ಒತ್ತಿ, ಸುಕ್ಕು ತೆಗೆದು, ಎರಡು ಹೆಜ್ಜೆ ಹಿಂದೆ ನಿಂತು ನೋಡಿದ್ದೆ. ಚೆನ್ನಾಗಿ ಕೂತಿತ್ತು.

ಫೆಬ್ರವರಿ ೨೧, ಶುಕ್ರವಾರ

ತಂಗಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಪೂರ್ತಿ ಆರಿಸಿ ಮುಗಿಸಿದಳು.

"ಅದನ್ನೂ ಸಮಿತಿ ಮುಂದೆ ಹೇಳು," ಎಂದಳು.

ಮಾರ್ಚ್ ೩, ಸೋಮವಾರ

ಸಮಿತಿಯ ಕೊನೆಯ ದಿನ. ಸಾರ್ವಜನಿಕರು ಯಾರು ಬೇಕಾದರೂ ಐದು ನಿಮಿಷ ಮಾತಾಡಬಹುದು. ಚೀಟಿ ಬರೆದುಕೊಟ್ಟು ಕಾದೆ. ಕೋಟು ಹಾಕಿಕೊಂಡಿರಲಿಲ್ಲ, ಸೆಕೆ ಇತ್ತು.

ಲಾರಿಯ ವಿಷಯ ಹೇಳಿದೆ. ಎಂಟು ಯಂತ್ರ ತರಬೇತಿ ಕೇಂದ್ರದವು ಎಂದು ಹೇಳಿದೆ. ಅಂಟಿನ ವಿಷಯ ಹೇಳಿದೆ. ಸಹಿ ಓದದೆ ಹಾಕಿದ್ದೆಂದು ಹೇಳಿದೆ. ನನ್ನ ತಂಗಿಯ ವಾರ್ಡಿನಲ್ಲಿ ಇದ್ದದ್ದು ಎರಡೇ ಎಂದು ಹೇಳಿದೆ.

"ಸ್ವಲ್ಪ ಜೋರಾಗಿ ಹೇಳಿ. ಕೇಳಿಸ್ತಿಲ್ಲ," ಎಂದರು ಅಧ್ಯಕ್ಷೆ. ಎರಡು ಸಲ ಎಂದರು. ಆ ಸಭಾಂಗಣದ ಮೈಕು ಸರಿಯಿಲ್ಲ.

"ನೀವು ಹೋದ ತಿಂಗಳು ಬೇರೆ ಹೇಳಿದ್ರಿ. ಯಾವುದು ನಿಜ?"

"ಇದು."

"ಅವತ್ತೂ ನಿಜ ಅಂತಲೇ ಹೇಳಿದ್ರಲ್ಲ?"

"ಅವತ್ತು ಜೋರಾಗಿ ಹೇಳಿದ್ದೆ ಅಮ್ಮ."

ಯಾರೋ ನಕ್ಕರು. ಬಲಗಡೆಯಿಂದ ಏನೋ ಕೇಳಿಸಿದ ಹಾಗಾಯಿತು. ಏನೆಂದು ಗೊತ್ತಿಲ್ಲ. ಐದು ನಿಮಿಷದಲ್ಲಿ ಇನ್ನೂ ಒಂದು ಉಳಿದಿತ್ತು, ಹೇಳುವುದೇನೂ ಇರಲಿಲ್ಲ, ಇಳಿದು ಬಂದೆ.

ಮಾರ್ಚ್ ೨೪, ಸೋಮವಾರ

ವರದಿ ಬಂತು. ಮುನ್ನೂರ ಹನ್ನೆರಡು ಪುಟ. ದರ್ಜಿ ಗಿರಾಕಿಯೊಬ್ಬರಿಂದ ಎರವಲು ತಂದ. ಯಾರೂ ಗಟ್ಟಿಯಾಗಿ ಓದೆಂದು ಕೇಳಲಿಲ್ಲ. ಮೂವರೂ ಒಂದೊಂದು ಸಲ ಓದಿದೆವು.

ಪೂರ್ವಸಿದ್ಧತೆ: ಉತ್ತಮ. ಸರ್ಕಾರದ ಸ್ಪಂದನೆ: ತೃಪ್ತಿಕರ. ಲೋಪಗಳು: ಕೆಳಹಂತದ ಸಿಬ್ಬಂದಿಯಿಂದ. ಶಿಫಾರಸು: ಅಣಕು ಕಾರ್ಯಾಚರಣೆಗಳನ್ನು ವರ್ಷಕ್ಕೆ ಎರಡು ಬಾರಿ ನಡೆಸುವುದು.

ಇನ್ನೂರ ಏಳನೇ ಪುಟದಲ್ಲಿ ನಾನಿದ್ದೇನೆ. "ಸಾಕ್ಷಿ ಸಂಖ್ಯೆ ಹತ್ತೊಂಬತ್ತು ವೃತ್ತಿಯಿಂದ ನಟರು. ಇವರು ನೀಡಿದ ಎರಡು ಹೇಳಿಕೆಗಳಲ್ಲಿ ಮೊದಲನೆಯದು ಸ್ಪಷ್ಟವೂ ದೃಢವೂ ಆಗಿದ್ದು, ಎರಡನೆಯದು ಅಸ್ಪಷ್ಟವಾಗಿಯೂ ಹಿಂಜರಿಕೆಯಿಂದಲೂ ಕೂಡಿತ್ತು. ಆದ್ದರಿಂದ ಮೊದಲನೆಯದನ್ನು ಸಮಿತಿಯು ಅಂಗೀಕರಿಸಿದೆ."

ತಂಗಿಯ ಹೆಸರು ಇನ್ನೂರ ಹತ್ತರಲ್ಲಿದೆ. ವಜಾ.

"ಹೆಸರಲ್ಲಿ ಒಂದಕ್ಷರ ತಪ್ಪಾಗಿ ಅಚ್ಚು ಮಾಡಿದಾರೆ," ಎಂದ ದರ್ಜಿ. ಅವನು ತಮಾಷೆ ಮಾಡುತ್ತಿದ್ದಾನೇನೋ ಎಂದು ನೋಡಿದೆ. ಅವನು ಅಳುತ್ತಿದ್ದ.

ಮಾರ್ಚ್ ೨೭, ಗುರುವಾರ

ತಂಗಿ ಒಂದು ಹಾಳೆಯ ಮೇಲೆ ಏಳು ವಿಳಾಸ ಬರೆದಿದ್ದಾಳೆ. ಹಾಸಿಗೆ ಸಂಖ್ಯೆಯ ಕ್ರಮದಲ್ಲಿ. ಎಲ್ಲಿಂದ ಸಿಕ್ಕಿತು ಎಂದೆ. ಸತ್ತವರ ವಿಳಾಸ ಬರ್ಕೊಂಡು ಮನೆಗೆ ಫೋನು ಮಾಡಿದ್ದು ನಾನೇ ಅಲ್ವಾ, ಎಂದಳು.

"ಪೇಪರಲ್ಲಿ ಓದಿಬಿಟ್ಟಿದಾರೆ. ಅದು ಸುಳ್ಳು ಅಂತ ಪೇಪರ್ ಬಂದು ಹೇಳಲ್ಲ. ಹೋಗ್ಬೇಕು. ನಾನು ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ಹೇಳ್ತಾಳೆ ಅಂತಾರೆ. ನೀನು ಬಾ."

"ಏನಂತ ಹೇಳ್ಲಿ?"

"ನಂಗೇನು ಗೊತ್ತು? ನಾನು ಹೇಳ್ಕೊಡಲ್ಲ."

ಏಪ್ರಿಲ್ ೬, ಭಾನುವಾರ

ಹಾಸಿಗೆ ಸಂಖ್ಯೆ ಎರಡರವರ ಮನೆ. ಬಣ್ಣ ಚಕ್ಕೆಯೆದ್ದ ಹಸಿರು ಬಾಗಿಲು, ಪಕ್ಕದಲ್ಲಿ ನೀರಿನ ಡ್ರಮ್ಮು, ಅದರ ಮೇಲೆ ಒಣಗಲಿಟ್ಟ ಮಗುವಿನ ಬೂಟು. ಬೆಳಿಗ್ಗೆ ಹತ್ತೂವರೆ.

ಬಾಗಿಲು ತೆಗೆದ ಹೆಂಗಸಿಗೆ ಮೂವತ್ತೈದು ಇರಬಹುದು. ತಂಗಿಯನ್ನು ನೋಡಿದ ಕೂಡಲೇ ಅವಳ ಕೈ ಚಿಲಕಕ್ಕೆ ಹೋಯಿತು.

"ಒಂದು ನಿಮಿಷ ಅಮ್ಮ," ಎಂದೆ.

ಹೇಳಿದೆ. ಆಸ್ಪತ್ರೆಯಲ್ಲಿ ಹತ್ತು ಇರಲಿಲ್ಲ, ಎರಡಿತ್ತು. ಎಂಟನ್ನು ತಂದು ತೋರಿಸಿ ವಾಪಸು ಒಯ್ದರು. ಆಸ್ಪತ್ರೆಯ ಹೆಸರು ಅದಕ್ಕೆ ಅಂಟಿಸಿದವನು ನಾನು. ರೋಗಿಯ ಹಾಗೆ ಮಲಗಿ, ಎಲ್ಲ ಇದೆ ಎಂದು ಬರೆದುಕೊಟ್ಟವನು ನಾನು. ಅದನ್ನು ನೋಡಿ ಹೊಸದನ್ನು ತರಿಸಲಿಲ್ಲ. ಇವಳು ಇಲ್ಲದ್ದನ್ನು ಎಲ್ಲಿಂದ ಕೊಡಬೇಕಿತ್ತು?

ಅವಳು ಕೇಳಿಸಿಕೊಂಡಳು. ಒಳಗೆ ಒಂದು ಮಗು ಏನೋ ಎಳೆದಾಡುತ್ತಿತ್ತು. ಆಮೇಲೆ ನನ್ನನ್ನು ಕೇಳಿದಳು.

"ಅಲ್ಲಿ ಮಲಗಿದ್ರಲ್ಲ, ನಿಮಗೆ ಉಸಿರಾಡೋಕೆ ಕಷ್ಟ ಆಗ್ತಿತ್ತಾ?"

"ಇಲ್ಲಮ್ಮ."

"ನಮ್ಮನೆಯವ್ರಿಗೆ ಆಗ್ತಿತ್ತು."

ಅವಳು ತಂಗಿಯ ಕಡೆ ತಿರುಗಿದಳು. "ಯಂತ್ರದ ಪ್ಲಗ್ಗು ಒತ್ತಿ ಹಿಡ್ಕೊಂಡು ಒಬ್ರು ನಿಂತಿದ್ರು ಅಂತ ಪಕ್ಕದ ಹಾಸಿಗೆಯವ್ರು ಹೇಳಿದ್ರು. ಅದು ನೀವಾ?"

ತಂಗಿ ತಲೆಯಾಡಿಸಿದಳು.

"ಫೋನಲ್ಲಿ ತೀರ್ಕೊಂಡ್ರು ಅಂದಿದ್ದಷ್ಟೇ. ಅವ್ರಿಗೆ ಕೊನೇಲಿ ಏನಾಯ್ತು ಅಂತ ನಂಗ್ಯಾರೂ ಹೇಳ್ಲಿಲ್ಲ," ಎಂದಳು. ಚಿಲಕದ ಮೇಲಿನ ಕೈ ತೆಗೆದು ಬಾಗಿಲನ್ನು ಇನ್ನಷ್ಟು ಸರಿಸಿದಳು. "ನೀವು ಒಳಗೆ ಬನ್ನಿ."

ತಂಗಿಗೆ ಹೇಳಿದ್ದು. ತಂಗಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡಿತು.

ನಾನು ಮೆಟ್ಟಿಲ ಮೇಲೆ ಕೂತೆ. ಒಳಗೆ ಇಬ್ಬರ ಮಾತು ಮೆಲ್ಲಗೆ ಕೇಳುತ್ತಿತ್ತು. ಅದು ನನಗೆ ಆಡಿದ ಮಾತಲ್ಲವಾದ್ದರಿಂದ ಎದ್ದು ಬೀದಿಯ ಆಚೆ ಬದಿಗೆ ಹೋಗಿ ನಿಂತೆ. ಒಂದು ಗಂಟೆ ಹೊತ್ತು ಅಲ್ಲೇ ನಿಂತಿದ್ದಿರಬೇಕು.